ಉತ್ತರದ ಬೆಳಕಿಗೆ ಒಂದು ಅಂಕ

ಗೂಗಲ್, ನವೆಂಬರ್ 12, ಬುಧವಾರ

ನಾರ್ವೆಗೆ ಹೊರಡುವುದಕ್ಕೆ ಇಪ್ಪತ್ನಾಲ್ಕು ದಿನ ಮೊದಲು ನಾನು ಏಳನೆಯ ತರಗತಿಯ ಹುಲಿಗೆಮ್ಮನಿಗೆ ಸೊನ್ನೆ ಕೊಟ್ಟೆ. ಪ್ರವಾಸದ ಕಥೆ ಹೇಳಲು ಕುಳಿತವಳು ಸೊನ್ನೆಯಿಂದ ಶುರುಮಾಡಬಾರದು. ಆದರೆ ನನ್ನ ದಿನಚರಿಯಲ್ಲಿ ಈ ಪ್ರಯಾಣದ ಮೊದಲ ಟಿಪ್ಪಣಿ ಅದೇ.

ನನ್ನ ಊರು ಮಾನ್ವಿ. ಕೆಲಸ ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯ ಹತ್ತಿರದ ಒಂದು ಸರಕಾರಿ ಶಾಲೆಯಲ್ಲಿ, ವಿಜ್ಞಾನ ಕಲಿಸುವುದು. ಉತ್ತರ ಧ್ರುವಪ್ರಭೆಯ ಬಗ್ಗೆ ಮಕ್ಕಳಿಗೆ ಹೇಗೆ ಪಾಠ ಮಾಡಬಹುದು ಎಂದು ನಾನು ಬರೆದು ಕಳಿಸಿದ ನಾಲ್ಕು ಪುಟ, ಶಿಕ್ಷಕರ ವಿನಿಮಯ ಯೋಜನೆಯೊಂದಕ್ಕೆ ಆಯ್ಕೆಯಾಗಿತ್ತು. ಡಿಸೆಂಬರಿನಲ್ಲಿ ಒಂಬತ್ತು ದಿನ ನಾರ್ವೆಯ ಟ್ರೊಮ್ಸೊ ಊರಿನಲ್ಲಿ, ಅಲ್ಲಿಯ ಶಿಕ್ಷಕಿಯೊಬ್ಬರ ಮನೆಯಲ್ಲಿ ಇರಬೇಕು. ಅವರ ಶಾಲೆ ನೋಡಬೇಕು. ಒಂದು ದಿನ ಅಲ್ಲಿಂದಲೇ ಫೋನಿನಲ್ಲಿ ನಮ್ಮ ಮಕ್ಕಳಿಗೆ ಬೆಳಕು ತೋರಿಸಿ ಪಾಠ ಮಾಡಬೇಕು.

ಪಾಠವನ್ನು ಇಲ್ಲಿ ಮೊದಲೇ ಒಮ್ಮೆ ಮಾಡಿದ್ದೆ. ಒಂದು ದಂಡಕಾಂತ, ಮೇಲೊಂದು ಹಾಳೆ, ವೆಲ್ಡಿಂಗ್ ಅಂಗಡಿಯಿಂದ ತಂದ ಕಬ್ಬಿಣದ ಪುಡಿ. ಪುಡಿ ಎರಡು ತುದಿಗೆ ಓಡಿ ನಿಂತಿತು. ಸೂರ್ಯನಿಂದ ಬರುವ ಕಣಗಳನ್ನು ಭೂಮಿಯೂ ಹೀಗೆ ತನ್ನ ತುದಿಗಳ ಕಡೆ ಎಳೆಯುತ್ತದೆ, ಅವು ಬಡಿದಾಗ ಅಲ್ಲಿಯ ಗಾಳಿ ಟ್ಯೂಬ್‌ಲೈಟಿನಂತೆ ಬೆಳಗುತ್ತದೆ ಎಂದೆ. ಇದಕ್ಕೆ ಉತ್ತರದ ಬೆಳಕು ಎನ್ನುತ್ತಾರೆ ಎಂದೆ.

“ಟೀಚರ್, ಉತ್ತರ ಗೊತ್ತಿದ್ದೋರಿಗೆ ಅಷ್ಟ ಕಾಣತದೇನ್ರಿ ಆ ಬೆಳಕು?” ಎಂದಳು ಹುಲಿಗೆಮ್ಮ. ತರಗತಿ ಗೊಳ್ಳೆಂದಿತು. ನಗದೆ ಇದ್ದವಳು ಅವಳೊಬ್ಬಳೇ.

“ಆ ಉತ್ತರ ಅಲ್ಲವ್ವ. ದಿಕ್ಕು.”

“ಮತ್ತ ನೀವು ನೋಡೀರೇನ್ರಿ?”

“ಇಲ್ಲ. ಡಿಸೆಂಬರಿನ್ಯಾಗ ನೋಡತೀನಿ.”

“ಹಂಗಾರ ಡಿಸೆಂಬರಿನ್ಯಾಗ ಕಲಸ್ರಿ.”

ಕಿರುಪರೀಕ್ಷೆಯಲ್ಲಿ ಐದನೆಯ ಪ್ರಶ್ನೆಯಾಗಿ ಕೇಳಿದೆ: ‘ಉತ್ತರ ಧ್ರುವಪ್ರಭೆಯ ಬಣ್ಣ ಯಾವುದು?’ ಒಂದು ಅಂಕ. ಮೂವತ್ನಾಲ್ಕು ಉತ್ತರ ಪತ್ರಿಕೆ. ಮೂವತ್ಮೂರರಲ್ಲಿ ‘ಹಸಿರು’. ಒಂದರಲ್ಲಿ, ‘ಟೀಚರ್ ನೋಡಿಲ್ಲ. ನಾನೂ ನೋಡಿಲ್ಲ.’

ಸೊನ್ನೆಯನ್ನು ತುಸು ದೊಡ್ಡದಾಗಿಯೇ ಬರೆದೆ. ಪತ್ರಿಕೆ ಹಿಡಿದು ಅವಳು ಮೇಜಿನ ಹತ್ತಿರ ಬಂದು ನಿಂತಳು.

“ಸುಳ್ಳ ಬರದಿಲ್ಲಲ್ರಿ ನಾ.”

“ಹಸಿರು ಅಂತ ಪಾಠದಾಗ ಹೇಳೀನಲ್ಲ?”

“ಹೇಳೀರಿ. ನೋಡಿಲ್ಲ.”

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. “ಡಿಸೆಂಬರ್ ಹದಿನೈದಕ್ಕ ಅಲ್ಲಿಂದ ನಾ ನೋಡಿ ಹೇಳತೀನಿ. ಹಸಿರು ಇರಲಿಲ್ಲಂದ್ರ ಈ ಸೊನ್ನಿ ನನ್ನ ಕೈಯಾರ ಅಳಸ್ತೀನಿ” ಎಂದುಬಿಟ್ಟೆ. ಗೆಲ್ಲುವ ಧೈರ್ಯ ಇದ್ದುದರಿಂದ ಆಡಿದ ಮಾತು. ಗೋಡೆಯ ಮೇಲೆ ನಾನೇ ಅಂಟಿಸಿದ್ದ ಚಿತ್ರದಲ್ಲಿ ಆಕಾಶ ಹೊಸ ಭತ್ತದ ಗದ್ದೆಯಷ್ಟು ಹಸಿರಾಗಿತ್ತು.

ರಾಯಚೂರು, ಡಿಸೆಂಬರ್ 6, ಶನಿವಾರ

ಅವ್ವ ಮಾನ್ವಿಯಿಂದ ರಾಯಚೂರು ಬಸ್ ನಿಲ್ದಾಣದ ತನಕ ಬಂದಳು. ಸಾಮಾನಿನ ಪಟ್ಟಿ: ಸ್ವೆಟರ್ ಮೂರು, ಉಣ್ಣೆಯ ಕಾಲುಚೀಲ ಆರು ಜೊತೆ, ಒಣ ಕಟಕ ರೊಟ್ಟಿ ನಲವತ್ತು, ಶೇಂಗಾ ಚಟ್ನಿಪುಡಿ ಎರಡು ಡಬ್ಬಿ. ನಾನು ಮೂರು ಸಲ ಎಣಿಸಿದೆ. ಅವ್ವನಿಗೆ ಎಣಿಕೆಯ ಚಿಂತೆ ಇರಲಿಲ್ಲ.

“ಎಲ್ಲಾ ಮರತರೂ ಇದೊಂದು ಮರೀಬ್ಯಾಡ. ಉತ್ತರಕ್ಕ ತಲಿ ಹಾಕಿ ಮಲಗಬ್ಯಾಡ.”

“ನಾ ಹೋಗಾಕತ್ತಿದ್ದ ಊರೇ ಉತ್ತರದಾಗ ಅದ ಬೇ.”

“ಊರು ಎಲ್ಲಿರ ಇರಲಿ. ನಿನ್ನ ತಲಿ ಅತ್ತಾಗ ಇರಬಾರದು.”

ಅದಕ್ಕೆ ಏನಾದರೂ ವಿಜ್ಞಾನ ಹೇಳಬೇಕು ಎಂದು ಬಾಯಿ ತೆರೆದೆ. ಹೈದರಾಬಾದ್ ಬಸ್ಸು ಹೊರಟಿತು.

ಟ್ರೊಮ್ಸೊ, ಡಿಸೆಂಬರ್ 8, ಸೋಮವಾರ

ನನ್ನನ್ನು ಮನೆಯಲ್ಲಿಟ್ಟುಕೊಂಡ ಶಿಕ್ಷಕಿಯ ಹೆಸರು ಬೆರಿತ್. ಐವತ್ತು ದಾಟಿದವರು, ಮಾತು ಕಡಿಮೆ. ವಿಮಾನ ನಿಲ್ದಾಣದಲ್ಲಿ ಕೈ ಕುಲುಕಿ ಮೊದಲು ಮಾಡಿದ ಕೆಲಸವೆಂದರೆ ನನ್ನ ಕೋಟಿಗೆ ಬೆಳಕು ಬಿದ್ದರೆ ಹೊಳೆಯುವ ಒಂದು ಬಿಲ್ಲೆ ಕಟ್ಟಿದ್ದು. ಇಲ್ಲಿ ಚಳಿಗಾಲದ ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ರಸ್ತೆಯಲ್ಲಿ ನಡೆಯುವವರೆಲ್ಲ, ಮಗುವಿನಿಂದ ಮುದುಕರ ತನಕ, ಇಂಥ ಬಿಲ್ಲೆ ತೂಗಿಕೊಂಡಿರುತ್ತಾರೆ. ಕಬ್ಬು ಹೊತ್ತ ಟ್ರಾಕ್ಟರಿನ ಹಿಂದೆ ನಾವು ಅಂಟಿಸುವ ಕೆಂಪು ಪಟ್ಟಿ ನೆನಪಾಯಿತು. ನಮ್ಮಲ್ಲಿ ಗಾಡಿಗೆ, ಇಲ್ಲಿ ಮನುಷ್ಯರಿಗೆ.

ಬೂಟನ್ನು ನಮ್ಮ ಚಪ್ಪಲಿಯಂತೆ ಬಾಗಿಲಲ್ಲೇ ಬಿಡುತ್ತಾರೆ. ಅಷ್ಟಕ್ಕೇ ನನಗೆ ಅರ್ಧ ಸಮಾಧಾನ. ನಾನು ಕೊಟ್ಟ ಕಟಕ ರೊಟ್ಟಿಯನ್ನು ಬೆರಿತ್ ಮುರಿದು, ಸದ್ದು ಕೇಳಿ, ಒಳಗಿನಿಂದ ತಮ್ಮದೊಂದು ಒಣ ರೊಟ್ಟಿ ತಂದು ಮುರಿದು ತೋರಿಸಿದರು. ಒಂದೇ ಸದ್ದು. ಅವರ ರೊಟ್ಟಿಗೆ ಖಾರ ಇಲ್ಲ, ಅಷ್ಟೇ ಭೇದ.

ಮಲಗುವ ಮುನ್ನ ಫೋನಿನ ದಿಕ್ಸೂಚಿ ನೋಡಬಾರದಿತ್ತು. ನೋಡಿದೆ. ಮಂಚದ ತಲೆ ನೇರ ಉತ್ತರಕ್ಕೆ. ನಾನು ವಿಜ್ಞಾನದ ಶಿಕ್ಷಕಿ. ತಲೆಗೂ ದಿಕ್ಕಿಗೂ ಸಂಬಂಧವಿಲ್ಲ ಎಂದು ಮಕ್ಕಳಿಗೆ ಹೇಳಿದವಳು. ಹಾಗೇ ಮಲಗಿದೆ. ಎದ್ದೆ. ಮತ್ತೆ ಮಲಗಿದೆ. ಐದನೆಯ ಸಲ ಎದ್ದಾಗ ದಿಂಬನ್ನು ಕಾಲಕಡೆಗೆ ಹಾಕಿಕೊಂಡೆ. ನಿದ್ದೆ ಆಗಲೂ ಬರಲಿಲ್ಲ. ಆದರೆ ಅದಕ್ಕೆ ಕಾರಣ ಉತ್ತರವಲ್ಲ ಎಂಬುದಾದರೂ ಖಾತ್ರಿಯಾಯಿತು.

ಬೆಳಿಗ್ಗೆ ದಿಂಬು ನೋಡಿ ಬೆರಿತ್ ಕೇಳಿದರು. ನಾಚಿಕೆಯಿಂದಲೇ ಹೇಳಿದೆ. ಅವರು ನಗಲಿಲ್ಲ.

“ನನ್ನ ಅಜ್ಜಿ ಆ ಬೆಳಕಿನ ಎದುರು ಬಿಳಿ ಬಟ್ಟೆ ಬೀಸಲು ಬಿಡುತ್ತಿರಲಿಲ್ಲ. ಬೀಸಿದರೆ ಅದು ಕೆಳಗಿಳಿದು ಬಂದು ಹೊತ್ತೊಯ್ಯುತ್ತದಂತೆ.”

“ನೀವು ಅದನ್ನ ನಂಬುತ್ತೀರಾ?”

“ಇಲ್ಲ. ಆದರೆ ಬೀಸುವುದಿಲ್ಲ.”

ಡಿಸೆಂಬರ್ 9ರಿಂದ 12

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ದಿನ, ಗಂಟೆ, ಮೋಡ, ಹಸಿರು.

ಸಂಜೆಗಳೆಲ್ಲ ಹಿಮ. ಆಕಾಶವೇ ಇಲ್ಲ. ನನಗೆ ಸಿಕ್ಕಿದ್ದು ನಸುಕು ಮಾತ್ರ. ಇಲ್ಲಿ ಐದು ಗಂಟೆಯಾದಾಗ ಊರಲ್ಲಿ ಒಂಬತ್ತೂವರೆ. ಶಾಲೆಗೆ ತಡವಾಯಿತು ಎಂದು ಮೈಯೇ ಎಬ್ಬಿಸುತ್ತಿತ್ತು. ಬೆರಿತ್ ಏಳುವ ಮೊದಲೇ ಕೋಟು ಏರಿಸಿ ಹಿಂದಿನ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದೆ. ಕುತ್ತಿಗೆ ನೋಯುವ ತನಕ ನೋಡುವುದು, ಒಳಗೆ ಬಂದು ಕೈ ಕಾಯಿಸುವುದು, ಮತ್ತೆ ಹೋಗುವುದು. ಫೋನು ಚಳಿಗೆ ಆರೇ ನಿಮಿಷದಲ್ಲಿ ಸತ್ತುಹೋಯಿತು. ಆಮೇಲೆ ಅದನ್ನು ಹೊರಗೆ ತೆಗೆಯಲೇ ಇಲ್ಲ. ಮೋಡದ ಫೋಟೊ ತೆಗೆದು ಏನು ಮಾಡುವುದು?

ಮೋಡವೇ ಇತ್ತು. ತೆಳುವಾಗಿ, ಬೂದುಬಣ್ಣದಲ್ಲಿ, ಅಲ್ಲಲ್ಲಿ ತುಂಡು ತುಂಡಾಗಿ. ಪ್ರತಿ ಸಲವೂ ನಿಷ್ಠೆಯಿಂದ ಗೀಟು ಹಾಕಿದೆ. ನಾಲ್ಕು ದಿನದ ಲೆಕ್ಕ: ತೆಳು ಮೋಡ ಏಳು, ಹಸಿರು ಸೊನ್ನೆ.

ನಡುವೆ ಬೆರಿತ್ ಶಾಲೆಗೆ ಹೋದೆ. ಮಕ್ಕಳು ಬೂಟು ಹೊರಗೆ ಬಿಟ್ಟು, ಉಣ್ಣೆಯ ಕಾಲುಚೀಲದಲ್ಲಿ ತರಗತಿಯೊಳಗೆ ಜಾರಾಡುತ್ತಾರೆ. ಶಿಕ್ಷಕಿಯನ್ನು “ಬೆರಿತ್!” ಎಂದೇ ಕರೆಯುತ್ತಾರೆ. ನನ್ನನ್ನು ಒಬ್ಬ ಹುಡುಗಿ “ರೇಣುಕಾ!” ಎಂದು ಕೂಗಿದಾಗ, ಅವ್ವ ಬಂದಳೇನೋ ಎಂದು ತಿರುಗಿದೆ. ಹೀಗೆ ಬರಿ ಹೆಸರಿನಿಂದ ಕರೆಯುವವಳು ಅವಳೊಬ್ಬಳೇ.

ಇಪ್ಪತ್ತೆರಡು ಮಕ್ಕಳಿಗೂ ನನ್ನ ಐದನೆಯ ಪ್ರಶ್ನೆಯನ್ನೇ ಕೇಳಿದೆ. ಹಸಿರು, ಒಂಬತ್ತು. ಬಿಳಿ, ಆರು. ಬೂದು, ನಾಲ್ಕು. “ದಿನಕ್ಕೊಂದು ಥರ”, ಇಬ್ಬರು. ಉಳಿದ ಒಬ್ಬ, “ನಾನು ಗಮನಿಸಿಲ್ಲ” ಎಂದ. ನನ್ನನ್ನು ಆಟ ಆಡಿಸುತ್ತಿದ್ದಾರೆ ಅನ್ನಿಸಿತು. ಅವರಿಗೆ ಬೇಕಾಗಿದ್ದುದು ಬೇರೆಯದೇ.

“ನಿಮ್ಮ ಊರಲ್ಲಿ ಸೂರ್ಯ ದಿನಾಲೂ ಬರುತ್ತಾನಾ?”

“ದಿನಾಲೂ.”

“ಬೇಜಾರಾಗುವುದಿಲ್ವಾ?”

ಏಪ್ರಿಲಿನ ರಾಯಚೂರು ಕಣ್ಣ ಮುಂದೆ ಬಂತು. ಆಗುತ್ತದೆ ಎಂದೆ. ಇಡೀ ತರಗತಿ ನನ್ನ ಮಾತು ನಂಬದೆ ನಕ್ಕಿತು.

ಡಿಸೆಂಬರ್ 13, ಶನಿವಾರ

ಪಾಠಕ್ಕೆ ಎರಡೇ ದಿನ. ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುವುದನ್ನು ನೋಡಿ ನೋಡಿ ಬೆರಿತ್ ಕೊನೆಗೆ ಕುರ್ಚಿ ಎಳೆದು ಕೂರಿಸಿದರು. ನೋಟ್‌ಬುಕ್ ಕೇಳಿದರು. ಅಂಕಿಗಳನ್ನು ಓದಲು ಕನ್ನಡ ಬೇಕಾಗಿಲ್ಲ. ಕಾಲಮ್ಮುಗಳ ಅರ್ಥವನ್ನು ನಾನೇ ಹೇಳಿದೆ.

“ಗುರುವಾರ ನಸುಕಿನಲ್ಲಿ ಮೋಡವೇ? ಅವತ್ತು ನಾನು ಆರೂವರೆಗೆ ಎದ್ದೆ. ಆಕಾಶ ತೊಳೆದಂತಿತ್ತು.”

“ಇತ್ತು. ತೆಳು ಮೋಡ. ಎರಡು ಸಲ ಬರೆದಿದ್ದೇನೆ.”

“ಅದರ ಹಿಂದೆ ನಕ್ಷತ್ರ ಕಾಣುತ್ತಿದ್ದವಾ?”

ನೆನಪಿಸಿಕೊಂಡೆ. ಕಾಣುತ್ತಿದ್ದವು.

“ಮೋಡ ಸರಿದು ಹೋಯಿತಾ? ಅಥವಾ ಅಲ್ಲೇ ಆರಿ, ಅಲ್ಲೇ ಮತ್ತೆ ಹೊತ್ತಿತಾ?”

ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿಕೊಂಡೆ. ಗುರುವಾರದ ಗೀಟಿನ ಪಕ್ಕ ನನ್ನದೇ ಅಕ್ಷರದಲ್ಲಿ ಇತ್ತು: ‘ಮೋಡ ಮಾಯ. ಕೆಲ ಸೆಕೆಂಡಿಗೆ ಮತ್ತೆ ಅದೇ ಜಾಗದಲ್ಲಿ. ಕಣ್ಣು ದಣಿದಿರಬೇಕು.’

ಬೆರಿತ್ ಅದನ್ನು ಓದಿಸಿ ಕೇಳಿ, ನೋಟ್‌ಬುಕ್ ಮುಚ್ಚಿ ನನ್ನ ಕೈಗಿಟ್ಟರು. “ನಸುಕಿನ ಬೆಳಕು ಹಾಗೇ ಇರುತ್ತದೆ. ಪರದೆಯಂತೆ ಕುಣಿಯುವುದಿಲ್ಲ, ತುಂಡು ತುಂಡಾಗಿ ಮಿಡಿಯುತ್ತದೆ. ಮಂಕಾಗಿದ್ದಾಗ ನಮ್ಮ ಕಣ್ಣಿಗೆ ಅದರ ಬಣ್ಣ ಸಿಗುವುದಿಲ್ಲ. ನೀನು ಏಳು ಸಲ ನೋಡಿದ್ದೀಯ, ರೇಣುಕಾ.”

ಏಳು ಸಲ! ಒಂಬತ್ತು ದಿನದ ಪ್ರವಾಸದಲ್ಲಿ ನಾಲ್ಕು ದಿನ ಅದರ ಕೆಳಗೇ ನಿಂತು, ಅದನ್ನು ಬೈಯುತ್ತಾ, ಅದು ಸರಿದರೆ ಅದೇ ಕಾಣುತ್ತದೆ ಎಂದು ಕಾದಿದ್ದೆ. ಗೋಡೆಯ ಚಿತ್ರದ ಹಸಿರು ನನ್ನ ಕಣ್ಣಿಗೆ ಅಷ್ಟು ಗಟ್ಟಿಯಾಗಿ ಕಟ್ಟಿಕೊಂಡಿತ್ತು.

ಆಮೇಲೆ ಹುಲಿಗೆಮ್ಮನ ನೆನಪಾಯಿತು. ಆ ಸೊನ್ನೆ ಯಾರದು?

ಮರುದಿನ, ಭಾನುವಾರ ನಸುಕಿನಲ್ಲಿ ನಿಜವಾದ ಮೋಡ. ನಕ್ಷತ್ರ ಒಂದೂ ಇಲ್ಲ. ಈ ಸಲ ಖಾತ್ರಿ ಮಾಡಿಕೊಂಡೇ ಗೀಟು ಹಾಕಿದೆ.

ಡಿಸೆಂಬರ್ 15, ಸೋಮವಾರ

ಬೆಳಿಗ್ಗೆ ಆರೂ ಕಾಲು. ಊರಲ್ಲಿ ಹತ್ತೂ ಮುಕ್ಕಾಲು, ಎರಡನೆಯ ಪೀರಿಯಡ್. ಬೆರಿತ್ ನನ್ನ ಫೋನಿಗೆ ಉಣ್ಣೆಯ ಕಾಲುಚೀಲ ತೊಡಿಸಿ, ಕ್ಯಾಮೆರಾದ ಜಾಗಕ್ಕೆ ತೂತು ಮಾಡಿದ್ದರು. ತಮ್ಮ ಫೋನನ್ನು ಮೆಟ್ಟಿಲ ಕಂಬಕ್ಕೆ ಆನಿಸಿ ಫೋಟೊಕ್ಕೆ ಸಿದ್ಧವಾಗಿ ನಿಂತಿದ್ದರು. ಆಕಾಶ ಬಿಚ್ಚಿತ್ತು.

“ಹಲೋ! ಹಲೋ! ರೇಣುಕಾ ಟೀಚರ್, ಕೇಳಸಾಕತ್ತದೇನ್ರಿ?” ನಮ್ಮ ಹೆಡ್‌ಮಾಸ್ತರರು ಬಸವರಾಜ ಸರ್, ಫೋನಿಲ್ಲದೆಯೂ ಕೇಳಿಸುವಷ್ಟು ಜೋರಾಗಿ ಕೂಗಿದರು. ಅವರ ಫೋನು ತರಗತಿಯ ಟಿವಿಗೆ ಕೂಡಿಸಿತ್ತು. ಮೂವತ್ನಾಲ್ಕು ಮಂದಿ ಅದರೆದುರು.

“ಕೇಳಸತದ್ರಿ ಸರ್. ಮಕ್ಕಳೇ, ಮ್ಯಾಲ ತೋರಸಾಕತ್ತೀನಿ, ನೋಡ್ರಿ.”

ಫೋನನ್ನು ಆಕಾಶಕ್ಕೆ ತಿರುಗಿಸಿ ಹಿಡಿದೆ.

“ಟೀಚರ್, ಬರೇ ಕರ್ರಗ ಕಾಣಾಕತ್ತದ್ರಿ.”

“ಅಲ್ಲೂ ಕರೆಂಟ್ ಹೋಗ್ಯಾದೇನ್ರಿ?”

ವಿಡಿಯೊದಲ್ಲಿ ಅಷ್ಟು ಮಂಕು ಬೆಳಕು ಬೀಳುವುದಿಲ್ಲ ಎಂಬುದು ನನಗೆ ಹೊಳೆದಿರಲೇ ಇಲ್ಲ. ಗಾಬರಿಯಲ್ಲಿ, ನಾನಾದರೂ ಕಾಣಲಿ ಎಂದು ಬಿಳಿ ಕೈಗವಸು ತೊಟ್ಟ ಕೈ ಮೇಲೆತ್ತಿ ಬೀಸಿದೆ. ಬೆರಿತ್ ತಟ್ಟನೆ ನನ್ನ ಮೊಣಕೈ ಹಿಡಿದು ಇಳಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವರು ಕೈ ಬಿಡಲಿಲ್ಲ.

ತಲೆಯ ಮೇಲೆ ಅದು ನಡೆದೇ ಇತ್ತು. ಯಾರೋ ಆಕಾಶದ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ಒರೆಸಿ, ಮತ್ತೆ ಅದೇ ಜಾಗದಲ್ಲಿ ಎಳೆದಂತೆ. ಹಿಂದೆ ನಕ್ಷತ್ರಗಳು. ನನ್ನ ಜೀವನದಲ್ಲಿ ಗೊತ್ತಿದ್ದು ನೋಡಿದ್ದು ಅದೇ ಮೊದಲು. ಎಂಟನೆಯ ಸಲ, ಮೊದಲನೆಯ ಸಲ.

ಬೆರಿತ್ ತಮ್ಮ ಫೋನಿನಲ್ಲಿ ಹತ್ತು ಸೆಕೆಂಡು ಬೆಳಕು ಕುಡಿಸಿ ಒಂದು ಫೋಟೊ ತೆಗೆದರು. ಅದು ಹಸಿರು, ನನ್ನ ಗೋಡೆಯ ಚಿತ್ರದಷ್ಟೇ. ಬಸವರಾಜ ಸರ್‌ಗೆ ಕಳಿಸಿದೆವು. ಅರ್ಧ ನಿಮಿಷದಲ್ಲಿ ಅಲ್ಲಿಂದ ಕೂಗೆದ್ದಿತು.

“ಹಸಿರು! ಹಸಿರ ಅದಲೇ!”

“ಹುಲಿಗೀ, ನಿನ್ನ ಸೊನ್ನಿ ಗಟ್ಟಿ ಆತು ನೋಡು!”

ಚಪ್ಪಾಳೆ, ಬೆಂಚು ಬಡಿತ. ಬಸವರಾಜ ಸರ್ ಸುಮ್ಮನಿರಿಸಿದರು. ಆಗ ಒಂದು ದನಿ ಬಂತು. ಯಾರದೆಂದು ಹೇಳಬೇಕಾಗಿರಲಿಲ್ಲ.

“ಟೀಚರ್, ಇದು ಫೋನ್ ನೋಡಿದ್ದಾತು. ನೀವು ನೋಡಾಕತ್ತಿದ್ದು ಯಾವ ಬಣ್ಣ?”

ಹಸಿರು ಎಂದರೆ ಮುಗಿಯುತ್ತಿತ್ತು. ಫೋಟೊ ಸಾಕ್ಷಿ ಇತ್ತು, ಪಠ್ಯ ಇತ್ತು, ಮೂವತ್ಮೂರು ಮಂದಿ ಇದ್ದರು. ನನ್ನ ಕಣ್ಣೊಳಗೆ ಇಣುಕಿ ನೋಡಲು ಯಾರಿಂದಲೂ ಆಗದು. ಬೆರಿತ್‌ಗೆ ಕನ್ನಡ ಬಾರದು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಚಳಿಗೆ ಎಂದೇ ಬರೆದಿಟ್ಟಿದ್ದೇನೆ.

“ವಿಭೂತಿ ಬಣ್ಣ” ಎಂದೆ.

“ಟೀಚರ್, ಲೈನ್ ಸರಿ ಇಲ್ಲ ಕಾಣತದ,” ಬಸವರಾಜ ಸರ್ ನನ್ನನ್ನು ಕಾಪಾಡಲು ನೋಡಿದರು. “ಹಸಿರು ಅಂದ್ರಲ್ಲ?”

“ಇಲ್ರಿ ಸರ್. ವಿಭೂತಿ ಬಣ್ಣ ಅಂದೆ. ಬೆಳಕು ಹಸಿರೇ ಅದ. ಆದ್ರ ನನ್ನ ಕಣ್ಣಿಗೆ ಹಸಿರು ಕಾಣಾಕತ್ತಿಲ್ಲ.”

ಗದ್ದಲ ಶುರುವಾಯಿತು. ಹಸಿರು ಇದ್ದು ಹಸಿರು ಕಾಣುವುದಿಲ್ಲ ಎಂದರೆ ಹೇಗೆ? ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಬೇರೆ, ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳು ಬೇರೆ ಎಂದು ಹೇಳತೊಡಗಿದೆ. ಯಾರೂ ಕೇಳಲಿಲ್ಲ. ನನಗೇ ನನ್ನ ಮಾತು, ಗೋಡೆಯ ಚಿತ್ರದಂತೆ, ಎಲ್ಲಿಂದಲೋ ತಂದು ಅಂಟಿಸಿದ ಹಾಗೆ ಕೇಳಿಸಿತು.

“ಹೌದಲ್ರಿ, ಮೆಣಸಿನಕಾಯಿ!” ಎಂದಳು ಹುಲಿಗೆಮ್ಮ.

“ಏನು?”

“ನಸಿಕಿನ್ಯಾಗ ಹೊಲಕ್ಕ ಹೋಗತೀವಲ್ರಿ, ಕಾಯಿ ಬಿಡಿಸಾಕ. ಹಣ್ಣ್ಯಾವುದು, ಹಸೇದ್ಯಾವುದು, ಒಂದೂ ತಿಳಿಯಂಗಿಲ್ಲ. ಕೆಂಪಗಿದ್ದದ್ದೂ ಕರ್ರಗ ಕಾಣತದ. ಹೊತ್ತು ಏರಲಿ, ಆಮ್ಯಾಲ ಕೈ ಹಚ್ಚರಿ ಅಂತಾಳ ನಮ್ಮವ್ವ. ಕಾಯಿ ಕೆಂಪ ಇರತದ್ರಿ. ನಮಗ ಕಾಣಂಗಿಲ್ಲ ಅಷ್ಟ.”

ಯಾರೂ ನಗಲಿಲ್ಲ. ಮೂವತ್ನಾಲ್ಕು ಮನೆಯಲ್ಲಿ ಬಹುಪಾಲು ಮನೆಯವರು ಅದೇ ಹೊಲಗಳಲ್ಲಿ, ಅದೇ ನಸುಕಿನಲ್ಲಿ ನಿಂತವರು. “ಹೌದ್ರಿ, ಹೌದ್ರಿ” ಎಂದು ಹಿಂದಿನ ಬೆಂಚಿನಿಂದ ಯಾರೋ ಹೇಳಿದರು. ನನ್ನ ನಾಲ್ಕು ಪುಟದ ಪಾಠದಲ್ಲಿ ಇಲ್ಲದೆ ಹೋದ ಸಾಲನ್ನು ಅವಳು ಅಲ್ಲಿಂದ ಹೇಳಿ ಮುಗಿಸಿದ್ದಳು.

ಅಷ್ಟರಲ್ಲಿ ಕಾಲುಚೀಲದೊಳಗೇ ಫೋನು ಸತ್ತಿತು.

ಗೂಗಲ್, ಡಿಸೆಂಬರ್ 22, ಸೋಮವಾರ

ಹೊಳೆಯುವ ಬಿಲ್ಲೆ ಮೂವತ್ನಾಲ್ಕು ತಂದಿದ್ದೆ. ಹಂಚಿದೆ. ಮಧ್ಯಾಹ್ನದ ಹೊತ್ತಿಗೆ ಒಂದು, ಶಾಲೆಯ ಮುಂದೆ ಹಾಯುವ ಎತ್ತಿನ ಕೊಂಬಿನಲ್ಲಿ ತೂಗುತ್ತಿತ್ತು.

ಉತ್ತರ ಪತ್ರಿಕೆಗಳ ಕಟ್ಟು ಮೇಜಿನ ಮೇಲಿಟ್ಟಾಗ ತರಗತಿ ತಾನಾಗಿ ಸುಮ್ಮನಾಯಿತು. ಮುಂದಿನ ಬೆಂಚಿನ ಭೀಮಣ್ಣ ತಡೆಯಲಾರದೆ ಎದ್ದ.

“ಟೀಚರ್, ಹಂಗಾರ ನಮ್ಮ ಒಂದೊಂದು ಮಾರ್ಕ್ಸ್ ಕಿತ್ತಗೋತೀರೇನ್ರಿ?”

“ಫೋನಿಗೆ ಹಸಿರು ಬಂದದಲ್ರಿ!” ಇನ್ನೊಬ್ಬಳು.

“ಯಾರದೂ ಕಿತ್ತಗೊಳ್ಳಂಗಿಲ್ಲ. ತಪ್ಪು ಉತ್ತರದಾಗ ಇರಲಿಲ್ಲ, ನಾ ಕೇಳಿದ ಪ್ರಶ್ನಿಯೊಳಗ ಇತ್ತು. ಯಾರ ಕಣ್ಣಿಗೆ ಅಂತ ಕೇಳಬೇಕಿತ್ತು, ಕೇಳಲಿಲ್ಲ.”

ಹುಲಿಗೆಮ್ಮನನ್ನು ಕರೆದು, ಮಾತು ಕೊಟ್ಟಂತೆ ಎಲ್ಲರ ಎದುರು ಸೊನ್ನೆಯನ್ನು ಅಳಿಸಿದೆ. ಕೆಂಪು ಪೆನ್ನಿನ ಸೊನ್ನೆ. ರಬ್ಬರಿಗೆ ಪೂರ್ತಿ ಹೋಗಲಿಲ್ಲ, ಹಾಳೆ ಸ್ವಲ್ಪ ಹರಿಯಿತು. ಅದರ ಮೇಲೆ ಒಂದು ಎಂದು ಬರೆಯಲು ಹೋದೆ. ಅವಳು ಹಾಳೆಯ ಮೇಲೆ ಕೈ ಇಟ್ಟಳು.

“ತಡೀರಿ ಟೀಚರ್. ನಾ ಇನ್ನೂ ಉತ್ತರ ಬರದಿಲ್ಲ.”

“ಬರದೀಯಲ್ಲ?”

“ಅದು ಆವಾಗಿಂದು. ಈಗ ನೀವು ನೋಡೀರಿ.”

ಪತ್ರಿಕೆಯನ್ನು ತನ್ನ ಜಾಗಕ್ಕೆ ಒಯ್ದು, ಬಗ್ಗಿ ಕುಳಿತು ಬರೆದಳು. ನಾನು ಕೂರಲೂ ಆಗದೆ ನಿಲ್ಲಲೂ ಆಗದೆ ಕಿಟಕಿಯ ತನಕ ಎರಡು ಸಲ ಹೋಗಿಬಂದೆ. ನನ್ನ ಉತ್ತರ ಪತ್ರಿಕೆಯನ್ನೇ ಯಾರೋ ತಿದ್ದುತ್ತಿದ್ದಂತಿತ್ತು. ತಂದು ಕೊಟ್ಟಳು. ಹಳೆಯ ಸಾಲನ್ನು ಹೊಡೆದುಹಾಕಿ ಕೆಳಗೆ ಮೂರು ಸಾಲು:

‘ಫೋನಿಗೆ ಹಸಿರು.
ಟೀಚರಿಗೆ ವಿಭೂತಿ ಬಣ್ಣ.
ನಾನು ಇನ್ನೂ ನೋಡಿಲ್ಲ.’

ಒಂದಕ್ಕೆ ಒಂದು ಕೊಟ್ಟೆ. ಆಮೇಲೆ ನನ್ನ ನೋಟ್‌ಬುಕ್ ತೆರೆದು, ‘ತೆಳು ಮೋಡ’ ಎಂಬಲ್ಲಿದ್ದ ಏಳು ಗೀಟುಗಳನ್ನು, ಏಳೂ ಮೋಡವಲ್ಲ, ಆ ಬೆಳಕೇ ಎಂದು ಹೇಳಿ, ಅವಳ ಎದುರೇ ಒಂದೊಂದಾಗಿ ಹೊಡೆದುಹಾಕಿದೆ. ಅವಳು ಬೆರಳಿಟ್ಟು ಎಣಿಸಿ, ಏಳೂ ಆದವು ಎಂದು ಹೇಳಿ ಹೋಗಿ ಕುಳಿತಳು.